ತೂಗಿ ಎಣಿಸುವ ಬಗೆ

ಮದ್ದೂರಿನ ಎಳನೀರಿನ ಮಾರುಕಟ್ಟೆಯಲ್ಲಿ ಕಾಯಿಗಳನ್ನು ಎಣಿಸಿ ಮಾರುತ್ತಾರೆ. ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬನ್ನು ತೂಗಿ ಕೊಳ್ಳುತ್ತಾರೆ. ಎಣಿಕೆ, ತೂಕ ಎಂಬ ಈ ಎರಡು ಬಗೆಗಳನ್ನೂ ಒಂದಾಗಿ ಬೆಸೆದುದು ರಸಾಯನ ವಿಜ್ಞಾನ.

ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಈ ಸೀಮೆಯಲ್ಲಿ ಕಬ್ಬಿನ ಬೆಳೆ ಹಬ್ಬಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಕಬ್ಬಿನ ಸಿಹಿಗೆ ಮುಖ್ಯ ಕಾರಣ ಸುಕ್ರೋಸ್, ಎಂದರೆ ಸಕ್ಕರೆ. ಅದರ ಒಂದು ಅಣುವಿನಲ್ಲಿ 12 ಇಂಗಾಲ, 22 ಜಲಜನಕ ಹಾಗೂ 11 ಆಮ್ಲಜನಕದ ಪರಮಾಣುಗಳಿವೆ. ಈ ಪರಮಾಣುಗಳ ತೂಕಗಳು ಅನುಕ್ರಮವಾಗಿ 12, 1 ಮತ್ತು 16. ಆದುದರಿಂದ ಸಕ್ಕರೆಯ ಅಣುತೂಕ 144 + 22 + 176 = 342.

ಅಣುಗಳು ಕಣ್ಣಿಗೆ ಕಾಣವು. ಅವುಗಳನ್ನು ಒಂದೊಂದಾಗಿ ಎಣಿಸುವುದು ಅಸಾಧ್ಯ. ಆದರೆ ಯಾವುದೇ ವಸ್ತುವಿನ ಅಣುತೂಕದಷ್ಟು ಗ್ರಾಂ ತೂಗಿದರೆ ಅದರಲ್ಲಿ 6.022 × 10²³ ಅಣುಗಳಿರುತ್ತವೆ. ಇಷ್ಟು ಅಣುಗಳ ಗುಂಪೇ ಒಂದು ಮೋಲ್. ಹನ್ನೆರಡಕ್ಕೆ ಡಜನ್ ಎಂಬ ಹೆಸರಿರುವಂತೆಯೇ ಇದೂ ಒಂದು ಎಣಿಕೆಯ ಹೆಸರು. ಈ ಸಂಖ್ಯೆಗೆ ಇಟಲಿಯ ವಿಜ್ಞಾನಿ ಅವೊಗಾಡ್ರೊನ ಹೆಸರನ್ನಿಟ್ಟಿದ್ದಾರೆ.

ಒಂದು ಕಿಲೋಗ್ರಾಂ ಸಕ್ಕರೆಯಲ್ಲಿ ಎಷ್ಟು ಅಣುಗಳಿವೆ? 1000 ಗ್ರಾಮನ್ನು 342ರಿಂದ ಭಾಗಿಸಿದರೆ ಸುಮಾರು 2.92 ಮೋಲ್. ಅದನ್ನು ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಸುಮಾರು 1.76 × 10²⁴ ಅಣುಗಳು. ಮೋಲ್ ತಿಳಿದಿದ್ದು ತೂಕ ಬೇಕಾದರೆ ಅಣುತೂಕದಿಂದ ಗುಣಿಸಬೇಕು.

ಈ ಲೆಕ್ಕವು ಕೇವಲ ಪುಸ್ತಕದ ಲೆಕ್ಕವಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ದಿನಗಟ್ಟಲೆ ಬಿದ್ದಿದ್ದರೆ, ಕಬ್ಬಿನಲ್ಲಿರುವ ಕಿಣ್ವಗಳಿಂದಲೂ ಸೂಕ್ಷ್ಮಜೀವಿಗಳಿಂದಲೂ ಅದರ ಸಕ್ಕರೆ ಒಡೆಯತೊಡಗುತ್ತದೆ. ಸಕ್ಕರೆಯ ಒಂದು ಅಣು ನೀರಿನ ಒಂದು ಅಣುವಿನೊಡನೆ ಸೇರಿ ಗ್ಲೂಕೋಸಿನ ಒಂದು ಅಣುವೂ ಫ್ರಕ್ಟೋಸಿನ ಒಂದು ಅಣುವೂ ಆಗುತ್ತವೆ. ಒಂದಕ್ಕೆ ಒಂದು ಎಂಬುದು ಎಣಿಕೆಯ ಮಾತು, ತೂಕದ ಮಾತಲ್ಲ. ನೀರಿನ ಅಣುತೂಕ 18. ಆದುದರಿಂದ 342 ಗ್ರಾಂ ಸಕ್ಕರೆ ಒಡೆಯಲು 18 ಗ್ರಾಂ ನೀರು ಸಾಕು. ಒಂದು ಕಿಲೋಗ್ರಾಂ ಸಕ್ಕರೆಗೆ ಸುಮಾರು 53 ಗ್ರಾಂ ಮಾತ್ರ. ರಸಭರಿತವಾದ ಕಬ್ಬಿನಲ್ಲಿ ಅಷ್ಟು ನೀರಿಗೆ ಕೊರತೆಯೆಲ್ಲಿ?

ಹೀಗೆ ಹುಟ್ಟಿದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಲಾ 180 ಗ್ರಾಂ, ಒಟ್ಟು 360 ಗ್ರಾಂ. ಸಿಹಿಪದಾರ್ಥದ ತೂಕ ಹೆಚ್ಚಿತು. ಆದರೆ ಹರಳುಗಟ್ಟುವ ಸಕ್ಕರೆ ಹೋಯಿತು. ಅಂತಹ ಕಬ್ಬಿನಿಂದ ಕಾರ್ಖಾನೆಗೆ ದೊರೆಯುವ ಸಕ್ಕರೆ ಕಡಿಮೆ. ಮಳವಳ್ಳಿಯ ಕಡೆಯ ಆಲೆಮನೆಯಲ್ಲಾಗಲಿ ಬೇರೆಲ್ಲಿಯೇ ಆಗಲಿ, ಅಂತಹ ರಸವನ್ನು ಕಾಯಿಸಿದರೆ ಬೆಲ್ಲದ ಅಚ್ಚು ಗಟ್ಟಿಯಾಗಿ ನಿಲ್ಲದು. ತಕ್ಕಡಿಯೊಂದೇ ಈ ನಷ್ಟವನ್ನು ಹೇಳಲಾರದು.

ಕಡಿದ ಕಬ್ಬನ್ನು ತಡಮಾಡದೆ ಅರೆಯಬೇಕೆಂಬುದು ರೈತನ ಅನುಭವ. ಅದರ ಕಾರಣವನ್ನು ಮೋಲಿನ ಲೆಕ್ಕ ತಿಳಿಸಿಕೊಡುತ್ತದೆ.