ಆಸ್ಪತ್ರೆಗೂ ಬೇಕು ಸಂಸಾರ ತೂಗಿಸುವವರು

"ಮಗಳಿಗೆ ಮೆಡಿಕಲ್ ಸೀಟು ಸಿಗಲಿಲ್ಲ. ಬಿ.ಎಸ್‌ಸಿ. ಮುಗಿಸಿದ್ದಾಳೆ. ಆಸ್ಪತ್ರೆಯಲ್ಲಿ ಕೆಲಸ ಮಾಡೋ ಆಸೆ ಮಾತ್ರ ಇನ್ನೂ ಹೋಗಿಲ್ಲ. ಏನು ಮಾಡೋದು, ಗಂಡು ಹುಡುಕ್ತಾ ಇದ್ದೀವಿ." ಮದುವೆಮನೆಯಲ್ಲಿ, ಅರಿಶಿನ ಕುಂಕುಮದಲ್ಲಿ ಇಂಥ ಮಾತನ್ನು ನೀವೂ ಕೇಳಿರುತ್ತೀರಿ. ಆಸ್ಪತ್ರೆ ಎಂದರೆ ಡಾಕ್ಟರು, ನರ್ಸು ಇಷ್ಟೇ ಎಂದು ನಾವು ತಿಳಿದಿರುವುದೇ ಇದಕ್ಕೆ ಕಾರಣ. ಗಂಡು ಹುಡುಕುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅವಳ ಆಸೆಗೆ ಇನ್ನೊಂದು ಬಾಗಿಲಿದೆ ಎಂಬುದು ತಾಯಂದಿರಿಗೆ ತಿಳಿದಿರಬೇಡವೇ? ಅದೇ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ. ಮಾಸ್ಟರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್, ಅಂದರೆ ಎಂ.ಎಚ್.ಎ. ಎರಡು ವರ್ಷದ ಓದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಆಸ್ಪತ್ರೆ ನಡೆಸುವುದು ದಿನವೂ ಒಂದು ಮದುವೆ ಮಾಡಿದ ಹಾಗೆ! ರೋಗಿಗಳಿಗೆ ಪಥ್ಯದ ಊಟ, ಒಗೆದ ಬಟ್ಟೆ, ನೀರು, ಕರೆಂಟು, ಆಮ್ಲಜನಕ, ಔಷಧಿ, ಬಿಲ್ಲು, ವಿಮೆಯ ಕಾಗದ, ಕಸ ಸಾಗಿಸುವುದು, ಇಷ್ಟೂ ಹಗಲು ರಾತ್ರಿ ನಡೆಯಬೇಕು. ಡಾಕ್ಟರು ಆಪರೇಷನ್ ಮಾಡಬೇಕೋ, ಹತ್ತಿ ಮುಗಿದಿದೆಯೇ ಎಂದು ನೋಡಬೇಕೋ? 

ದೀಪ ಹಿಡಿದ ದಾದಿಯೆಂದು ನಾವು ಶಾಲೆಯಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಾಗ ಬರೀ ಶುಶ್ರೂಷೆ ಮಾಡಲಿಲ್ಲ. ಅಡುಗೆ, ಬಟ್ಟೆ ಒಗೆಯುವ ವ್ಯವಸ್ಥೆ, ಸಾಮಾನುಗಳ ಲೆಕ್ಕ ಎಲ್ಲವನ್ನೂ ಸರಿಪಡಿಸಲು ಹೆಣಗಿದರು. ಸತ್ತವರ ಅಂಕಿಅಂಶಗಳನ್ನು ಇಟ್ಟುಕೊಂಡು ಸರ್ಕಾರದೊಡನೆ ವಾದಿಸಿದರು. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯ 1934ರಲ್ಲಿ ಈ ವಿದ್ಯೆಗೆ ಸ್ನಾತಕೋತ್ತರ ತರಗತಿಯನ್ನೇ ತೆರೆಯಿತು.

ಏನು ಕಲಿಸುತ್ತಾರೆ?

ಕೇಳಿದರೆ ನಿಮಗೆ ಸಂತೋಷವಾದೀತು, ಅರ್ಧ ನಮಗೆ ಗೊತ್ತಿರುವುದೇ. ಮನೆಯಲ್ಲಿ ಅಕ್ಕಿ, ಉಪ್ಪು ಮುಗಿಯಲು ಬಿಡುವುದಿಲ್ಲ. ದ್ರಾಕ್ಷಿ, ಗೋಡಂಬಿ ಇಲ್ಲದಿದ್ದರೂ ಪಾಯಸ ಆಗುತ್ತದೆ. ಆಸ್ಪತ್ರೆಯ ಉಗ್ರಾಣದಲ್ಲಿಯೂ ಹಾಗೆಯೇ. ಜೀವ ಉಳಿಸುವಂಥ ಔಷಧಿ, ಅಗತ್ಯವಾದದ್ದು, ಇದ್ದರೆ ಒಳ್ಳೆಯದು ಎಂಬಂಥದ್ದು ಎಂದು ಮೂರು ಪಾಲು ಮಾಡುತ್ತಾರೆ. ಮೊದಲನೆಯದು ಒಂದು ದಿನವೂ ತೀರುವಂತಿಲ್ಲ. ಅವಧಿ ಬೇಗ ಮುಗಿಯುವ ಔಷಧಿ ಮೊದಲು ಖರ್ಚಾಗಬೇಕು. ಹಳೆಯ ಬೇಳೆಯ ಮೇಲೆ ಹೊಸದನ್ನು ಸುರಿಯಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿರಲಿಲ್ಲವೇ, ಅದೇ ಇದು.

ಕಸದ್ದೂ ಒಂದು ಶಾಸ್ತ್ರವೇ. 2016ರ ನಿಯಮದ ಪ್ರಕಾರ ರಕ್ತ ಸೋಂಕಿದ ಹತ್ತಿ ಹಳದಿ ಚೀಲಕ್ಕೆ, ಬಳಸಿದ ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಸೂಜಿ, ಬ್ಲೇಡು ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. ಸೂಜಿ ತಪ್ಪು ಚೀಲಕ್ಕೆ ಬಿದ್ದರೆ ಕಸ ಎತ್ತುವ ಹೆಂಗಸಿನ ಕೈಗೆ ಚುಚ್ಚುತ್ತದೆ. ಅವಳೂ ಒಂದು ಮನೆಯ ತಾಯಿ.

ಇದಲ್ಲದೆ ಲೆಕ್ಕಪತ್ರ, ರೋಗಿಗಳ ದಾಖಲೆ, ಕಾನೂನು ಎಲ್ಲ ಇವೆ. ಬಿಲ್ಲು ಬಾಕಿಯೆಂದು ಖಾಸಗಿ ಆಸ್ಪತ್ರೆ ಶವವನ್ನು ತಡೆಹಿಡಿಯುವಂತಿಲ್ಲ ಎಂದು ನಮ್ಮ ರಾಜ್ಯದ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಯಿತು. ದುಃಖದಲ್ಲಿರುವವರ ಎದುರು ಕೂತು ಇದನ್ನು ನೆನಪಿಡುವ ಮನುಷ್ಯರು ಕೌಂಟರಿನ ಒಳಗೆ ಬೇಕು. ಲೆಕ್ಕದ ಜೊತೆಗೆ ಕರುಳೂ ಇರುವ ಹುಡುಗಿ ಅಲ್ಲಿದ್ದರೆ ಎಷ್ಟು ಚೆನ್ನ!

ಎಲ್ಲಿ ಓದಬಹುದು?

1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ, ಮಣಿಪಾಲದಲ್ಲಿ, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಈ ಓದು ಇದೆ. ಬಿ.ಎ., ಬಿ.ಕಾಂ. ಆದವರನ್ನೂ ಹಲವು ಕಡೆ ತೆಗೆದುಕೊಳ್ಳುತ್ತಾರೆ. ದೆಹಲಿಯ ಏಮ್ಸ್‌ನಲ್ಲಿರುವ ಕೋರ್ಸು ಮಾತ್ರ ಡಾಕ್ಟರುಗಳಿಗೆ. ಅರ್ಹತೆ ಒಂದೊಂದು ಕಡೆ ಒಂದೊಂದು ರೀತಿ. ಅರ್ಜಿ ಹಾಕುವ ಮೊದಲು ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ನರ್ಸಿಂಗ್ ಪದವಿ ಪಡೆದು ಕೆಲಸದಲ್ಲಿರುವ ಸೊಸೆಯಂದಿರಿಗೂ ಇದು ಒಳ್ಳೆಯ ದಾರಿ. ವಾರ್ಡಿನ ಕಷ್ಟ ಅವರಿಗೆ ಆಗಲೇ ಗೊತ್ತು.

ಫೀಸು ಕಟ್ಟುವ ಮುಂಚೆ

ಜಾಹೀರಾತು ನೋಡಿ ಮರುಳಾಗಬೇಡಿ. ಇಷ್ಟು ವಿಚಾರಿಸಿ:

ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ. ಮಾನ್ಯತೆ ಇದೆಯೇ? ಅಂಚೆ ಇಲ್ಲವೇ ಆನ್‌ಲೈನ್ ಓದಾದರೆ ಆ ಕೋರ್ಸಿನ ಹೆಸರೇ ಯು.ಜಿ.ಸಿ. ಪಟ್ಟಿಯಲ್ಲಿರಬೇಕು.

ಕಾಲೇಜಿಗೆ ಹೊಂದಿಕೊಂಡ ಆಸ್ಪತ್ರೆ ಇದೆಯೇ? ಆಸ್ಪತ್ರೆ ನೋಡದೆ ಇದನ್ನು ಕಲಿಯುವುದು ನೀರಿಗಿಳಿಯದೆ ಈಜು ಕಲಿತಂತೆ.

ತರಬೇತಿ ಎಷ್ಟು ತಿಂಗಳು, ಎಲ್ಲಿ?

ಹಾಸ್ಟೆಲು, ಪರೀಕ್ಷಾ ಶುಲ್ಕ ಸೇರಿ ಒಟ್ಟು ಎಷ್ಟಾಗುತ್ತದೆ?

ಹಿಂದಿನ ವರ್ಷ ಮುಗಿಸಿದ ಇಬ್ಬರು ಹುಡುಗಿಯರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಅವರನ್ನೇ ಮಾತಾಡಿಸಿ. 

ಒಂದು ಮಾತು ಮುಚ್ಚಿಡಬಾರದು. ಪದವಿ ಬಂದ ಕೂಡಲೇ ದೊಡ್ಡ ಕುರ್ಚಿ ಸಿಗುವುದಿಲ್ಲ. ಬಿಲ್ಲಿಂಗ್, ವಿಮಾ ವಿಭಾಗ, ದಾಖಲೆ ವಿಭಾಗಗಳಲ್ಲಿ ಶುರು; ಸಂಬಳವೂ ಮೊದಮೊದಲು ಕಡಿಮೆಯೇ. ಭಾನುವಾರ, ಹಬ್ಬ ಎನ್ನದೆ ಪಾಳಿ ಬರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಮುಖ್ಯಸ್ಥರು ಡಾಕ್ಟರೇ ಆಗಿರುತ್ತಾರೆ. ಹಾಗಾಗಿ ಹೆಚ್ಚಿನ ಅವಕಾಶ ಖಾಸಗಿ ಮತ್ತು ಟ್ರಸ್ಟ್ ಆಸ್ಪತ್ರೆಗಳಲ್ಲಿ, ವಿಮಾ ಕಂಪನಿಗಳಲ್ಲಿ. ಗಂಡಿನ ಕಡೆಯವರಿಗೂ ಈ ಪಾಳಿಯ ವಿಷಯ ಮೊದಲೇ ಬಿಡಿಸಿ ಹೇಳುವುದು ಕ್ಷೇಮ.

ಹಣದ ಚಿಂತೆಯಾದರೆ ಬ್ಯಾಂಕಿನ ವಿದ್ಯಾಭ್ಯಾಸ ಸಾಲ ಇದೆ. 4 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುವುದಿಲ್ಲ. ಸಾಲ ಬೇಡವೆಂದರೆ ಮದುವೆಗೆಂದು ಕೂಡಿಟ್ಟದ್ದರಲ್ಲಿ ಒಂದು ಪಾಲು ತೆಗೆಯಿರಿ. ಬಳೆ ಸವೆಯುತ್ತದೆ, ಸೀರೆ ಹಳತಾಗುತ್ತದೆ; ಕಲಿತ ಕೆಲಸ ವರ್ಷ ಕಳೆದಂತೆ ಕೈಗೆ ಇನ್ನಷ್ಟು ಪಳಗುತ್ತದೆ. ಮನೆಯವರೊಡನೆ ಇವತ್ತು ರಾತ್ರಿ ಊಟದ ಹೊತ್ತಿಗೆ ಈ ಮಾತು ಎತ್ತಿ. ಹುಡುಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮರೆಯಬೇಡಿ.