ಅಳಿಸಲು ಬರೆದಳು, ಲೋಕವೆಲ್ಲ ನಕ್ಕಿತು!

ಮದುವೆಯಾಗಿ ಹತ್ತು ವರ್ಷ ತುಂಬಿದ ದಿನ ಯಜಮಾನರು ಏನು ತಂದುಕೊಟ್ಟರೆ ನಿಮಗೆ ಸಂತೋಷ? ರೇಷ್ಮೆ ಸೀರೆ? ಒಂದೆಳೆ ಸರ? ಹೋಗಲಿ, ಒಂದು ಮೊಳ ಮಲ್ಲಿಗೆ? ಐರ್ಲೆಂಡಿನ ಉತ್ತರಕ್ಕಿರುವ ಲಾರ್ನ್ ಎಂಬ ಊರಿನ ರೈಲ್ವೆ ಸ್ಟೇಷನ್ ಮಾಸ್ಟರು ಆಂಡ್ರ್ಯೂ ರಾಸ್ 1897ರಲ್ಲಿ ಹೆಂಡತಿಗೆ ಕೊಟ್ಟದ್ದು ಇದ್ಯಾವುದೂ ಅಲ್ಲ. ಆಕೆ ಬರೆದಿಟ್ಟಿದ್ದ ಕಾದಂಬರಿಯನ್ನು ತಮ್ಮ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿಕೊಟ್ಟರು!

ಎಂಥ ಗಂಡ, ಅಲ್ಲವೇ? ಆದರೆ ಆ ಪುಸ್ತಕ ಓದಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ಅದು ಹಾಸ್ಯದ ಪುಸ್ತಕವೇ ಅಲ್ಲ. ಓದುಗರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಲಿ ಎಂದು ಬರೆದ ದುರಂತ ಪ್ರೇಮಕಥೆ!

ಆ ಲೇಖಕಿಯೇ ಅಮಾಂಡಾ ಮೆಕಿಟ್ರಿಕ್ ರಾಸ್. 1860ರಲ್ಲಿ ಹುಟ್ಟಿದ ಈಕೆ ಶಾಲಾ ಉಪಾಧ್ಯಾಯಿನಿಯಾಗಿದ್ದವರು. ಪ್ರಪಂಚದ ಅತಿ ಕೆಟ್ಟ ಕಾದಂಬರಿಗಾರ್ತಿ ಎಂಬ ಬಿರುದು ಇವತ್ತಿಗೂ ಈಕೆಯ ಕೈಬಿಟ್ಟಿಲ್ಲ.

ಪ್ರಾಸದ ತ್ರಾಸ

ಅಂಥ ತಪ್ಪೇನು ಮಾಡಿದರು ಅಂತೀರಾ? ಸುಲಭವಾಗಿ ಹೇಳಬಹುದಾದ ಮಾತನ್ನು ಈಕೆ ಸುಲಭವಾಗಿ ಹೇಳಿದವರೇ ಅಲ್ಲ. ಕಣ್ಣನ್ನು ಕಣ್ಣು ಅನ್ನುವುದಿಲ್ಲ, ಕಾಲನ್ನು ಕಾಲು ಅನ್ನುವುದಿಲ್ಲ. ಎಲ್ಲಕ್ಕೂ ಒಂದು ಮೊಳ ಉದ್ದದ ಅಲಂಕಾರ. ಜೊತೆಗೆ ಪ್ರಾಸದ ಹುಚ್ಚು ಬೇರೆ. ಮೊದಲ ಕಾದಂಬರಿ 'ಐರೀನ್ ಇಡ್ಸ್‌ಲಿ', ಎರಡನೆಯದು 'ಡೆಲೈನಾ ಡಿಲೇನಿ', ಕೊನೆಯದು 'ಹೆಲೆನ್ ಹಡಲ್‌ಸನ್'. ಹೆಸರಿನಲ್ಲೇ ಇಷ್ಟು ಪ್ರಾಸವಿದ್ದರೆ ಒಳಗೆ ಎಷ್ಟಿರಬೇಡ! ಸಾರಿಗೆ ಒಗ್ಗರಣೆ ಹಾಕುವ ಬದಲು ಒಗ್ಗರಣೆಗೇ ಒಂದಿಷ್ಟು ಸಾರು ಹಾಕಿದ ಹಾಗೆ.

ಆ ಕೊನೆಯ ಕಾದಂಬರಿಯಲ್ಲಂತೂ ಪಾತ್ರಗಳಿಗೆ ಹಣ್ಣುಗಳ ಹೆಸರು! ಲಾರ್ಡ್ ರಾಸ್‌ಬೆರಿ, ಸರ್ ಪೀಟರ್ ಪ್ಲಮ್, ಮೇಡಂ ಪೇರ್... ಕೆಲಸದವಳ ಹೆಸರು ಮಾತ್ರ ಲಿಲಿ ಲೆಂಟಿಲ್, ಅಂದರೆ ಬೇಳೆ. ನಮ್ಮ ಕಡೆ ಬರೆದಿದ್ದರೆ ಸೀಬೆಹಣ್ಣಿನ ಸೀತಾರಾಮಯ್ಯನವರ ಮನೆಯಲ್ಲಿ ತೊಗರಿಬೇಳೆ ತಾಯಮ್ಮ ಪಾತ್ರೆ ತೊಳೆಯುತ್ತಿದ್ದಳೋ ಏನೋ!

ವಿಮರ್ಶಕನಿಗೆ ಮಂಗಳಾರತಿ

1898ರಲ್ಲಿ ಬ್ಯಾರಿ ಪೇನ್ ಎಂಬ ಹಾಸ್ಯ ಬರಹಗಾರರ ಕೈಗೆ ಮೊದಲ ಕಾದಂಬರಿ ಸಿಕ್ಕಿತು. ಇದು ಶತಮಾನದ ಪುಸ್ತಕ ಎಂದು ಕೊಂಡಾಡುವ ಧಾಟಿಯಲ್ಲಿ ಚೆನ್ನಾಗಿ ಗೇಲಿ ಮಾಡಿದರು. ಬೇರೆಯವರಾಗಿದ್ದರೆ ಲೇಖನಿ ಮೂಲೆಗೆಸೆದು ಮುಸುಕು ಹಾಕಿಕೊಂಡು ಮಲಗುತ್ತಿದ್ದರು. ಅಮಾಂಡಾ ಹಾಗಲ್ಲ. ಎರಡನೆಯ ಕಾದಂಬರಿಯ ಮುನ್ನುಡಿಯಲ್ಲೇ ಆತನಿಗೆ ಮಂಗಳಾರತಿ ಎತ್ತಿದರು. ಅಷ್ಟೇ ಅಲ್ಲ, ಈ ಮನುಷ್ಯನಿಗೆ ಒಳಗೊಳಗೇ ನನ್ನ ಮೇಲೆ ಪ್ರೀತಿ, ಅದಕ್ಕೇ ಈ ಸಿಟ್ಟು ಎಂದೂ ಸೂಚಿಸಿದರು!

ವಕೀಲರಿಗೂ ಬಿಡಲಿಲ್ಲ. ಉಯಿಲಿನ ಮೂಲಕ ಈಕೆಗೆ ಒಂದು ಸುಣ್ಣದ ಗೂಡು ಬಂತು. ಅದರ ಹಿಂದೆಯೇ ಕೋರ್ಟು ಕಚೇರಿ ಅಲೆದಾಟವೂ ಬಂತು. ಆ ಸಂಕಟವೆಲ್ಲ ವಕೀಲರನ್ನು ಬೈಯುವ ಪದ್ಯಗಳಾಯಿತು. 1912ರಲ್ಲಿ ಬಂದ ಕವನ ಸಂಕಲನದ ಹೆಸರೇ 'ಪೊಯೆಮ್ಸ್ ಆಫ್ ಪಂಕ್ಚರ್'. ಇಲ್ಲೂ ಪ್ರಾಸ ತಪ್ಪಲಿಲ್ಲ, ನೋಡಿ.

ನಗದೆ ಓದುವ ಪಂದ್ಯ

ಜನ ನಕ್ಕರೂ ಪುಸ್ತಕ ಕೆಳಗಿಡಲಿಲ್ಲ. ಮಾರ್ಕ್ ಟ್ವೈನ್ ಓದಿ ಆನಂದಪಟ್ಟರು. ಆಲ್ಡಸ್ ಹಕ್ಸ್‌ಲಿ ಈಕೆಯ ಶೈಲಿಯ ಮೇಲೆ ಪ್ರಬಂಧವನ್ನೇ ಬರೆದರು. ಆಕ್ಸ್‌ಫರ್ಡಿನಲ್ಲಿ ಸಿ. ಎಸ್. ಲೂಯಿಸ್, ಟೋಲ್ಕಿನ್ ಮೊದಲಾದ ಸಾಹಿತಿ ಗೆಳೆಯರು ಸೇರಿದಾಗ ಒಂದು ಪಂದ್ಯ ನಡೆಯುತ್ತಿತ್ತು: ಅಮಾಂಡಾ ಅವರ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು, ನಗಬಾರದು. ನಗು ಬಂದರೆ ಸೋತ ಹಾಗೆ!

ಇತ್ತ ಅಮಾಂಡಾ ಏನು ಮಾಡಿದರು? ಪುಸ್ತಕದಿಂದ ಬಂದ ಹಣದಲ್ಲಿ ಮನೆ ಕಟ್ಟಿಸಿದರಂತೆ. ಆ ಮನೆಗೆ ಇಟ್ಟ ಹೆಸರು, ತಮ್ಮ ಮೊದಲ ನಾಯಕಿಯದೇ: 'ಇಡ್ಸ್‌ಲಿ'. ತಮ್ಮ ಹೆಸರು ಸಾವಿರ ವರ್ಷ ಉಳಿಯುತ್ತದೆಂದು ಅವರಿಗೆ ನಂಬಿಕೆಯಿತ್ತು. 1939ರಲ್ಲಿ ತೀರಿಕೊಳ್ಳುವವರೆಗೂ ಆ ನಂಬಿಕೆ ಕದಲಲಿಲ್ಲ. ಅರ್ಧಕ್ಕೇ ನಿಂತಿದ್ದ ಆ ಹಣ್ಣುಗಳ ಕಾದಂಬರಿಯನ್ನು ಮುಗಿಸಿ 1969ರಲ್ಲಿ ಪ್ರಕಟಿಸಿದವರು ಅವರ ಜೀವನಚರಿತ್ರೆ ಬರೆದ ಜ್ಯಾಕ್ ಲೌಡನ್.

ನಮ್ಮ ಬೀರುವಿನ ನೋಟ್‌ಬುಕ್

ಇದನ್ನೆಲ್ಲ ಓದಿ ನಾನೂ ನಕ್ಕೆ. ನಕ್ಕು ಸಾಕಾದ ಮೇಲೆ ನಮ್ಮ ಬೀರುವಿನ ನೆನಪಾಯಿತು. ಸೀರೆಗಳ ಅಡಿಯಲ್ಲಿ ಒಂದು ನೋಟ್‌ಬುಕ್ ಇದೆ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಬರೆದ ನಾಲ್ಕು ಕಥೆಗಳು. ಯಾರಾದರೂ ನೋಡಿ ನಕ್ಕರೆ ಎಂಬ ಭಯಕ್ಕೆ ಮನೆಯವರಿಗೂ ತೋರಿಸಿಲ್ಲ. ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಅಂಥದ್ದೊಂದು ಇದ್ದೀತು.

ಅಮಾಂಡಾಗೆ ಪ್ರತಿಭೆ ಇರಲಿಲ್ಲ, ನಿಜ. ತಿದ್ದುವವರ ಮಾತು ಕೇಳಿದ್ದರೆ ಇನ್ನಷ್ಟು ಚೆನ್ನಾಗಿ ಬರೆಯುತ್ತಿದ್ದರೇನೋ. ಆದರೆ ನಗುವವರಿಗೆ ಹೆದರಿ ಅವರು ಬಚ್ಚಿಡಲಿಲ್ಲ. ಮನೆಯಲ್ಲಿ ಒಬ್ಬರಾದರೂ ಓದಿ, ಇದು ಅಚ್ಚಾಗಲಿ ಎಂದರು. ಆ ಭಾಗ್ಯ ಎಷ್ಟು ಜನಕ್ಕಿದೆ?

ಆ ನೋಟ್‌ಬುಕ್ ಹೊರಗೆ ತೆಗೆಯೋಣ. ಒಬ್ಬರಿಗಾದರೂ ಓದಿ ಹೇಳೋಣ. ಅಮಾಂಡಾ ಅವರಿಂದ ಧೈರ್ಯವನ್ನಷ್ಟೇ ಸಾಲ ತಂದರೆ ಸಾಕು. ಕಾಲನ್ನು ಮಾತ್ರ ಕಾಲು ಎಂದೇ ಬರೆಯೋಣ!