ಉಂಗುರ ತುಂಡಾದರೂ ನಿಲ್ಲದ ಜಾಲ

ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡುವ ಒಂದು ಸಾಲಿದೆ: ರಿಂಗ್ ಟೋಪಾಲಜಿಯಲ್ಲಿ ಒಂದು ಕಡೆ ಸಂಪರ್ಕ ತಪ್ಪಿದರೆ ಇಡೀ ಜಾಲ ನಿಲ್ಲುತ್ತದೆ. ಬರೆದರೆ ಅಂಕ ಗ್ಯಾರಂಟಿ. ಆದರೆ ಇಟ್ಟಿಗಿಯಿಂದ ಹರಪನಹಳ್ಳಿ ಕಡೆ ಹೋದರೆ ಕಾಣುವ ಗಾಳಿಯಂತ್ರಗಳನ್ನು, ಅಂದರೆ ನಾವು ‘ಫ್ಯಾನು’ ಅನ್ನುವುದನ್ನು, ನೆನಪಿಸಿಕೊಳ್ಳಿ. ಇಂಥ ವಿಂಡ್ ಫಾರ್ಮ್‌ಗಳಲ್ಲಿ ಯಂತ್ರದಿಂದ ಯಂತ್ರಕ್ಕೆ ಫೈಬರ್ ಎಳೆದು ಸಾಮಾನ್ಯವಾಗಿ ಉಂಗುರವನ್ನೇ ಮಾಡುತ್ತಾರೆ. ಅದೂ ಒಂದು ಕಡೆ ತುಂಡಾದರೂ ಜಾಲ ನಿಲ್ಲಬಾರದು ಎಂಬ ಕಾರಣಕ್ಕೆ! ಪುಸ್ತಕ ಹೇಳುವುದು ಹಳೆಯ ಬಗೆಯ ಉಂಗುರದ ಮಾತು. ಇಲ್ಲಿ ಪ್ರತಿ ಯಂತ್ರದ ಬುಡದಲ್ಲೂ ಒಂದು ಮ್ಯಾನೇಜ್ಡ್ ಸ್ವಿಚ್ ಕೂತಿರುತ್ತದೆ.

ಇದು ನಮ್ಮ ಲ್ಯಾಬಿನ ಸ್ವಿಚ್‌ನಂಥದ್ದಲ್ಲ. ಒಳಗೆ ಫ್ಯಾನ್ ಇರುವುದಿಲ್ಲ, ಲೋಹದ ಮೈಯಿಂದಲೇ ಬಿಸಿ ಹೊರಹೋಗಬೇಕು. ಮೈನಸ್ 40ರಿಂದ 75 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ ಮಾದರಿಗಳಿವೆ. ನಮ್ಮ ಏಪ್ರಿಲ್ ಬಿಸಿಲಿಗೆ ಇದು ಬೇಕೇ ಬೇಕು.

ಆದರೆ ಈಥರ್ನೆಟ್‌ಗೆ ಉಂಗುರ ಎಂದರೆ ಅಪಾಯ. ಐಪಿ ಪ್ಯಾಕೆಟ್‌ಗೆ ಆಯುಷ್ಯ ಎಂಬ ಲೆಕ್ಕವಿದೆ, ಮುಗಿದರೆ ಅದು ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಅದಿಲ್ಲ. ಎಲ್ಲರಿಗೂ ಎಂದು ಕಳಿಸಿದ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಉಂಗುರದಲ್ಲಿ ಸುತ್ತುತ್ತಲೇ ಇರುತ್ತದೆ, ಮತ್ತಷ್ಟು ಫ್ರೇಮ್‌ಗಳು ಸೇರುತ್ತವೆ, ಕ್ಷಣದಲ್ಲಿ ಜಾಲ ಉಸಿರುಗಟ್ಟುತ್ತದೆ. ಸಾದಾ ಸ್ವಿಚ್‌ನ ಎರಡು ಪೋರ್ಟಿಗೆ ಒಂದೇ ಕೇಬಲಿನ ಎರಡೂ ತುದಿ ಚುಚ್ಚಿದರೂ ಹೀಗಾಗಬಹುದು. ಲ್ಯಾಬಿನಲ್ಲಿ ಪ್ರಯೋಗ ಮಾಡಲು ಹೋಗಬೇಡಿ.

ಇದಕ್ಕೆ 1985ರಲ್ಲಿ ಉಪಾಯ ಕಂಡುಹಿಡಿದವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಎಂಜಿನಿಯರ್ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಹೆಸರು ಸ್ಪ್ಯಾನಿಂಗ್ ಟ್ರೀ. ಸ್ವಿಚ್‌ಗಳು ತಮ್ಮತಮ್ಮೊಳಗೆ ಸಂದೇಶ ಕಳಿಸಿ ಒಬ್ಬ ಯಜಮಾನನನ್ನು ಆರಿಸುತ್ತವೆ, ಉಂಗುರದ ಒಂದು ಕೊಂಡಿಯನ್ನು ಬೇಕೆಂದೇ ಮಲಗಿಸುತ್ತವೆ. ಬೇರೆಲ್ಲಾದರೂ ತಂತಿ ತುಂಡಾದರೆ ಮಲಗಿದ್ದ ಕೊಂಡಿ ಏಳುತ್ತದೆ. ಇದಕ್ಕೂ ಮಿತಿಯಿದೆ. 2002ರ ನವೆಂಬರ್‌ನಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿರುವ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಆ ಮಿತಿ ದಾಟಿ ಬೆಳೆದು ಕುಸಿದಾಗ, ವೈದ್ಯರು ಕೆಲವು ದಿನ ಕಾಗದ ಪೆನ್ನಿನಲ್ಲೇ ಕೆಲಸ ನಡೆಸಬೇಕಾಯಿತು.

ಹಳೆಯ ಸ್ಪ್ಯಾನಿಂಗ್ ಟ್ರೀ ಏಳಲು 30ರಿಂದ 50 ಸೆಕೆಂಡ್ ಬೇಕು. 2001ರ ರ‍್ಯಾಪಿಡ್ ರೂಪ ಇದನ್ನು ಬಹಳ ಇಳಿಸಿತು. ಕಾರ್ಖಾನೆಗಳಿಗೆಂದೇ ಬಂದ ಎಂಆರ್‌ಪಿ ಎಂಬ ಪ್ರೊಟೊಕಾಲ್ 50 ಸ್ವಿಚ್‌ಗಳ ಉಂಗುರವನ್ನು 200 ಮಿಲಿಸೆಕೆಂಡಿನಲ್ಲಿ ಸರಿಪಡಿಸಬಲ್ಲದು. ನಮ್ಮ ಕರೆಂಟಿನ ಒಂದು ಆವರ್ತ 20 ಮಿಲಿಸೆಕೆಂಡ್ ಎಂದು ಫಿಸಿಕ್ಸ್‌ನಲ್ಲಿ ಓದಿದ್ದೇವೆ, ಅಂದರೆ ಅದು 10 ಆವರ್ತ. ಸಬ್‌ಸ್ಟೇಷನ್‌ನಲ್ಲಿ ಬ್ರೇಕರ್ ಬೀಳಿಸುವ ಸಂದೇಶಕ್ಕೆ ಇಷ್ಟು ಕಾಯಲಾಗದು. ಅಲ್ಲಿ ಎಚ್‌ಎಸ್‌ಆರ್ ಬಳಸಿ ಒಂದೇ ಸಂದೇಶವನ್ನು ಉಂಗುರದ ಎರಡೂ ದಿಕ್ಕಿಗೆ ಕಳಿಸುತ್ತಾರೆ. ಮೊದಲು ತಲುಪಿದ್ದೇ ಲೆಕ್ಕ.

ಇಷ್ಟೆಲ್ಲ ಇದ್ದರೂ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ನನ್ನ ಅಣ್ಣ ಕೆಲಸ ಮಾಡುವ ವಿಂಡ್ ಫಾರ್ಮ್‌ನಲ್ಲಿ ಪೈಪ್‌ಲೈನ್ ತೋಡುವಾಗ ಜೆಸಿಬಿಗೆ ಸಿಕ್ಕು ಫೈಬರ್ ತುಂಡಾಯಿತು. ಉಂಗುರ ತನ್ನ ಕೆಲಸ ಮಾಡಿತು, ಕಂಟ್ರೋಲ್ ರೂಮಿನ ಪರದೆಯಲ್ಲಿ ಎಲ್ಲ ಯಂತ್ರಗಳೂ ಹಸಿರು. ಹಾಗಾಗಿ ಯಾರಿಗೂ ಗೊತ್ತೇ ಆಗಲಿಲ್ಲ. ಕೆಲವು ವಾರಗಳ ಮೇಲೆ ಇನ್ನೊಂದು ಕಡೆ ತುಂಡಾದಾಗ ನಡುವಿನ 4 ಯಂತ್ರಗಳು ಪರದೆಯಿಂದ ಮಾಯ! ಮೊದಲನೇ ಪೆಟ್ಟಿಗೇ ಉಂಗುರ ಉಂಗುರವಾಗಿ ಉಳಿದಿರಲಿಲ್ಲ.

ಸ್ವಿಚ್‌ಗೆ ‘ಮ್ಯಾನೇಜ್ಡ್’ ಎಂಬ ಹೆಸರು ಸಾರ್ಥಕವಾಗುವುದು ಇಲ್ಲೇ. ಎಸ್‌ಎನ್‌ಎಂಪಿ ಎಂಬ ಪ್ರೊಟೊಕಾಲ್ ಮೂಲಕ ಯಾವ ಪೋರ್ಟ್ ಸತ್ತಿದೆ, ಎಷ್ಟು ಫ್ರೇಮ್ ಕೆಟ್ಟಿವೆ ಎಂದು ಕೇಳಬಹುದು. ಪೋರ್ಟ್ ಬಿದ್ದ ಕೂಡಲೇ ಸ್ವಿಚ್ ತಾನೇ ‘ಟ್ರ್ಯಾಪ್’ ಎಂಬ ದೂರು ಕಳಿಸುತ್ತದೆ, ಯಾರಿಗೆ ಎಂದು ನಾವು ಮೊದಲೇ ಬರೆದಿಟ್ಟಿದ್ದರೆ ಮಾತ್ರ. ಅಲ್ಲಿ ಆ ಜಾಗ ಖಾಲಿಯಿತ್ತು. ಈಗ ತುಂಬಿದ್ದಾರೆ. ಹಳೆಯ ಎಸ್‌ಎನ್‌ಎಂಪಿಯಲ್ಲಿ ‘ಪಬ್ಲಿಕ್’ ಎಂಬುದೇ ರೂಢಿಯ ಗುಟ್ಟಿನ ಪದ, ಲೋಕಕ್ಕೆಲ್ಲ ಗೊತ್ತಿರುವ ಗುಟ್ಟು! ಅದನ್ನೂ ತೆಗೆದು, ಪಾಸ್‌ವರ್ಡ್ ಮತ್ತು ಗೂಢಲಿಪಿ ಎರಡೂ ಇರುವ 3ನೇ ಆವೃತ್ತಿ ಹಾಕಿದ್ದಾರೆ.